ರೇಡಿಯೋಯಂತ್ರದ ಉಷ್ಣಾಂಕವನ್ನು ಓದುವ ಕ್ರಮ

ತರಂಗಗಳನ್ನು ಆಯುವ ಕೆಲಸವನ್ನು ತಂತಿಸುರುಳಿಗಳಿಗೆ ಬಿಡದೆ ತಂತ್ರಾಂಶದಿಂದಲೇ ನಡೆಯಿಸುವ ರೇಡಿಯೋಗಳಲ್ಲಿ ‘ಪ್ಲೂಟೋ’ ಎಂಬ ಕಿರುಯಂತ್ರವೂ ಒಂದು. ಅದರ ಗಣಕಚಿಪ್ಪಿನೊಳಗಣ ಉಷ್ಣಮಾಪಕವು ನೇರವಾಗಿ ಉಷ್ಣವನ್ನು ಹೇಳುವುದಿಲ್ಲ. 0ಯಿಂದ 4095ರ ವರೆಗಿನ ಒಂದು ಅಂಕವನ್ನು ಮಾತ್ರ ಕೊಡುತ್ತದೆ. ಸಂಕೇತವನ್ನರಿಯದವನಿಗೆ ಶಬ್ದವು ಬರಿಯ ಧ್ವನಿಯಾಗಿ ಉಳಿಯುವಂತೆ, ಸೂತ್ರವನ್ನರಿಯದವನಿಗೆ ಈ ಅಂಕವೂ ನಿರರ್ಥಕವೇ ಸರಿ. ಅಂಕವನ್ನು 503.975ರಿಂದ ಗುಣಿಸಿ, 4096ರಿಂದ ಭಾಗಿಸಿದರೆ ಕೆಲ್ವಿನ್ ಮಾನವು ದೊರೆಯುವುದು, ಅದರಲ್ಲಿ 273.15ನ್ನು ಕಳೆದರೆ ಸೆಲ್ಸಿಯಸ್. 2600 ಎಂಬುದು ಹೀಗೆ ಸುಮಾರು 46.8 ಡಿಗ್ರಿಯಾಗುತ್ತದೆ.

ಇದಾದರೂ ಚಿಪ್ಪಿನ ಗರ್ಭದ ಉಷ್ಣವೇ ಹೊರತು ಕೋಣೆಯದಲ್ಲ. ಉಡುಪಿಯ ಅಂಬಲಪಾಡಿಯಲ್ಲಿ ಜಗಲಿಯ ಪಾದರಸವು 32 ಡಿಗ್ರಿಯನ್ನು ತೋರುತ್ತಿರುವಾಗಲೇ ಯಂತ್ರವು 47 ಎಂದರೆ ಎರಡೂ ಸತ್ಯವೇ. ಯಂತ್ರದ ಅಂಕವನ್ನು ಹವೆಯ ಲೆಕ್ಕದಲ್ಲಿ ಬರೆದಿಟ್ಟರೆ ಮಾತ್ರ ಅದು ಸುಳ್ಳಾಗುತ್ತದೆ. ಉಷ್ಣವೇರಿದಂತೆ ಯಂತ್ರದಲ್ಲಿ ಶ್ರುತಿ ಹಿಡಿಯುವ ಸ್ಫಟಿಕದ ಕಂಪನವು ತುಸು ಜಾರುವುದರಿಂದ, ಕೇಳುವವನು ಈ ಅಂಕವನ್ನೂ ಆಗಾಗ ನೋಡುತ್ತಿರಬೇಕಾಗುವುದು.