ತಂತಿಯ ಸಿಕ್ಕು ಬಿಡಿಸಿ ಕೇಳಿದ ಹಾಡು

ಅಮೆರಿಕದ ಜಾನಪದ ಗಾಯಕ ವುಡಿ ಗಥ್ರಿ 1949ರಲ್ಲಿ ನ್ಯೂಜೆರ್ಸಿ ರಾಜ್ಯದ ನ್ಯೂಅರ್ಕ್ ನಗರದಲ್ಲಿ ಒಂದು ಕಾರ್ಯಕ್ರಮ ನೀಡಿದರು. ಪತ್ನಿ ಮಾರ್ಜರಿ ವೇದಿಕೆಯಲ್ಲೇ ಇದ್ದು ಮಾತಿಗೆಳೆಯುತ್ತಿದ್ದರು. ಸಭೆಯಲ್ಲಿದ್ದ ಕಾಲೇಜು ವಿದ್ಯಾರ್ಥಿಯೊಬ್ಬ ಅದನ್ನೆಲ್ಲ ತನ್ನ ಪುಟ್ಟ ಯಂತ್ರದಲ್ಲಿ ಹಿಡಿದಿಟ್ಟ. ಗಥ್ರಿ ಶ್ರೋತೃಗಳೆದುರು ಹಾಡಿದ ಮುದ್ರಣಗಳು ತೀರಾ ವಿರಳ. ಮುಂದೆ ಹಂಟಿಂಗ್ಟನ್ ಕಾಯಿಲೆ ಅವರ ಕೈ, ಕಂಠ ಎರಡನ್ನೂ ಕಸಿದುಕೊಂಡಿತು; 1967ರಲ್ಲಿ ಅವರು ತೀರಿಕೊಂಡರು. ಆ ಮುದ್ರಣ ಗಥ್ರಿ ಕುಟುಂಬದ ಕೈಸೇರಿದ್ದು 2001ರಲ್ಲಿ.

ಕೈಸೇರಿತೇನೋ ನಿಜ, ಕೇಳುವುದು ಹೇಗೆ? ಅದು ಟೇಪಲ್ಲ, ಕೂದಲೆಳೆಯಷ್ಟು ತೆಳುವಾದ ಉಕ್ಕಿನ ತಂತಿ. ಟೇಪ್ ಮನೆಮನೆಗೆ ಬರುವ ಮುನ್ನ ಕೆಲವು ವರ್ಷ ಈ ತಂತಿಯಂತ್ರಗಳದೇ ರಾಜ್ಯಭಾರ. ತಂತಿ ಸೆಕೆಂಡಿಗೆ ಸುಮಾರು ಎರಡು ಅಡಿ ಓಡುತ್ತಿತ್ತು. ಅಂದರೆ ಒಂದು ಗಂಟೆಯ ಹಾಡಿಗೆ ಎರಡು ಕಿಲೋಮೀಟರಿಗೂ ಹೆಚ್ಚು ತಂತಿ ಬೇಕು! ತುಂಡಾದರೆ ಹೂಮಾಲೆಯ ದಾರದಂತೆ ಗಂಟು ಹಾಕುವುದು, ಅಷ್ಟೇ. ಸಿಕ್ಕಾದರೆ ಮಾತ್ರ ದೇವರೇ ಗತಿ.

ಇದಕ್ಕಿಂತ ದೊಡ್ಡ ತೊಡಕು ವೇಗದ್ದು. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ತಂತಿಯನ್ನು ಎಳೆಯುತ್ತಿದ್ದುದು ಅದು ಸುತ್ತಿಕೊಳ್ಳುವ ಉರುಳೆಯೇ. ತಂತಿ ತುಂಬಿದಂತೆ ಉರುಳೆ ದಪ್ಪವಾಗುತ್ತದೆ, ವೇಗವೂ ಏರುತ್ತದೆ. ಬೇರೆ ಯಂತ್ರದಲ್ಲಿ ನುಡಿಸಿದರೆ ಲೆಕ್ಕ ತಪ್ಪಿ ಶ್ರುತಿ ಜಾರುತ್ತದೆ. ನ್ಯೂಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಗಣಿತಜ್ಞ ಕೆವಿನ್ ಶಾರ್ಟ್ ಹಾಗೂ ಧ್ವನಿ ತಂತ್ರಜ್ಞ ಜೇಮಿ ಹೋವರ್ತ್ ಸೇರಿದಂತೆ ಹಲವರು ಈ ಕೆಲಸಕ್ಕೆ ಕೈಹಾಕಿದರು. ತಂತಿಯ ಸದ್ದನ್ನು ಕಂಪ್ಯೂಟರಿಗೆ ಇಳಿಸಿ, ಏರಿಳಿತವನ್ನು ಗಣಿತದಿಂದ ನೇರಗೊಳಿಸಲಾಯಿತು. 2007ರಲ್ಲಿ ಹೊರಬಂದ ಆ ಆಲ್ಬಂಗೆ ಮರುವರ್ಷ ಐತಿಹಾಸಿಕ ಧ್ವನಿಮುದ್ರಣ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಸಂದಿತು. ಹವ್ಯಾಸಿ ಮುದ್ರಣಕ್ಕೆ ವೃತ್ತಿಪರರ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು.

ವೇಗ ತಪ್ಪಿದ್ದನ್ನು ಪತ್ತೆ ಹಚ್ಚಲು ಬದಲಾಗದ ಸದ್ದೊಂದು ಬೇಕು. ಹಳೆಯ ಮುದ್ರಣಗಳಲ್ಲಿ ಕಿರಿಕಿರಿ ಎನಿಸುವ ವಿದ್ಯುತ್ತಿನ ಗುಂಯ್‌ಗಾನವೇ ಕೆಲವೊಮ್ಮೆ ಇಲ್ಲಿ ನೆರವಿಗೆ ಬರುವುದುಂಟು. ಅಮೆರಿಕದಲ್ಲಿ ಅದು ಸೆಕೆಂಡಿಗೆ 60 ಕಂಪನ, ನಮ್ಮಲ್ಲಿ 50. ಅದು ತೊನೆದಾಡಿದರೆ ಯಂತ್ರ ತೊನೆದಿದೆ ಎಂದೇ ಅರ್ಥ. ನಮ್ಮ ಸಂಗೀತಕ್ಕಂತೂ ಇನ್ನೂ ಒಳ್ಳೆಯ ಸಾಕ್ಷಿಯಿದೆ: ತಂಬೂರಿ. ಕಛೇರಿಯುದ್ದಕ್ಕೂ ಕದಲಬಾರದ ಷಡ್ಜ ಕದಲಿದರೆ ತಪ್ಪು ಗಾಯಕರದಲ್ಲ, ಮೋಟಾರಿನದು ಎಂದು ಮೊದಲು ಶಂಕಿಸಬೇಕು.

ಇಷ್ಟೆಲ್ಲ ಆದರೂ ಯಂತ್ರ ಕೇಳಿಸಿಕೊಳ್ಳದ ಸ್ವರವನ್ನು ಯಾವ ಗಣಿತವೂ ಹುಟ್ಟಿಸಲಾರದು. ಗದ್ದಲ ತೆಗೆಯುವ ಉತ್ಸಾಹದಲ್ಲಿ ಪಿಟೀಲಿನ ಹೊಳಪನ್ನೂ ಉಜ್ಜಿ ತೆಗೆದು, ಹಾಡು ನೀರಿನಡಿಯಿಂದ ಬಂದಂತೆ ಮಾಡಿಟ್ಟ ಉದಾಹರಣೆಗಳಿಗೆ ಕೊರತೆಯಿಲ್ಲ. ಅದಕ್ಕಿಂತ ತುಸು ಸರಸರ ಸದ್ದೇ ವಾಸಿ.

ಕರ್ನಾಟಕದಲ್ಲೂ ರಸಿಕರ ಮನೆಯ ಬೀರುಗಳಲ್ಲಿ ಕಛೇರಿಗಳ ಕ್ಯಾಸೆಟ್‌ಗಳು ಧೂಳು ತಿನ್ನುತ್ತಿವೆ. ಅವುಗಳಿಗೆ ಗಣಿತಜ್ಞರು ಬರುವ ಮೊದಲು ಸಣ್ಣದೊಂದು ಸ್ಕ್ರೂಡ್ರೈವರ್ ಬೇಕು. ಮುದ್ರಿಸಿದ ಯಂತ್ರದ ಹೆಡ್ ಕೊಂಚ ಓರೆಯಿದ್ದಿರಬಹುದು. ನುಡಿಸುವ ಯಂತ್ರದ ಹೆಡ್ಡನ್ನೂ ಅದೇ ಓರೆಗೆ ತಂದರೆ, ಮಂಕಾಗಿದ್ದ ಹಾಡಿನಲ್ಲಿ ತಂಬೂರಿಯ ಝೇಂಕಾರ ಮರಳುವುದುಂಟು.