ಗೋದಾಮಿನಲ್ಲಿ ಎಷ್ಟಿರಬೇಕು?

1997ರ ಫೆಬ್ರವರಿ 1, ಶನಿವಾರ ನಸುಕಿನಲ್ಲಿ ಜಪಾನಿನ ಕರಿಯಾ ನಗರದ ಐಸಿನ್ ಸೇಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದುದು ಪಿ-ವಾಲ್ವ್. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಜಾರದಂತೆ ಒತ್ತಡವನ್ನು ಹತೋಟಿಯಲ್ಲಿಡುವ, ಅಂಗೈಯಲ್ಲಿ ಹಿಡಿಯುವ ಪುಟ್ಟ ಭಾಗ. ಟೊಯೋಟಾಗೆ ಬೇಕಾದ ಈ ವಾಲ್ವುಗಳು ಹೆಚ್ಚುಕಡಿಮೆ ಎಲ್ಲವೂ ಇಲ್ಲಿಂದಲೇ ಬರಬೇಕಿತ್ತು. ಟೊಯೋಟಾ ಬಳಿ ಉಳಿದಿದ್ದ ದಾಸ್ತಾನು ಗಂಟೆಗಳ ಲೆಕ್ಕದ್ದು. ಕೆಲವೇ ದಿನಗಳಲ್ಲಿ ಜಪಾನಿನ ಅದರ ಬಹುಪಾಲು ಘಟಕಗಳು ನಿಂತವು.

ಇದು ಅಜಾಗರೂಕತೆಯಲ್ಲ, ಲೆಕ್ಕ ಹಾಕಿ ಆರಿಸಿಕೊಂಡ ದಾರಿ. ಯುದ್ಧಾನಂತರದ ಜಪಾನಿನಲ್ಲಿ ಬಂಡವಾಳ ಕಡಿಮೆ, ಜಾಗವೂ ಇಕ್ಕಟ್ಟು. ಗೋದಾಮಿನಲ್ಲಿ ಕೂತ ಬಿಡಿಭಾಗ ಎಂದರೆ ಕೂತ ದುಡ್ಡು. ಕಪಾಟು ಖಾಲಿಯಾದಷ್ಟನ್ನೇ ತುಂಬಿಸುವ ಅಮೆರಿಕದ ಸೂಪರ್ ಮಾರ್ಕೆಟ್ಟುಗಳ ಕ್ರಮವನ್ನು ಎಂಜಿನಿಯರ್ ತೈಚಿ ಓನೊ ಕಾರ್ಖಾನೆಗೆ ಅಳವಡಿಸಿದರು. ಬೇಕಾದದ್ದು, ಬೇಕಾದಾಗ, ಬೇಕಾದಷ್ಟೇ. ‘ಜಸ್ಟ್ ಇನ್ ಟೈಮ್’ ಎಂಬ ಹೆಸರಿನಲ್ಲಿ ಅದು ಲೋಕವೆಲ್ಲ ಹಬ್ಬಿತು; ಬಿಡದಿಯ ಟೊಯೋಟಾ ಘಟಕಕ್ಕೂ ಬಂತು. ದಾಸ್ತಾನು ಇಳಿದರೆ ಬಡ್ಡಿ ಉಳಿಯುತ್ತದೆ, ಮುಚ್ಚಿಹೋಗಿದ್ದ ದೋಷಗಳೂ ಬೇಗ ಬಯಲಾಗುತ್ತವೆ. ನಿಜವಾದ ಲಾಭವೇ.

ಆದರೆ ಕರಿಯಾದಲ್ಲಿ ಕಾರ್ಖಾನೆಗಳನ್ನು ಮತ್ತೆ ಓಡಿಸಿದ್ದು ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣದ ಆಸ್ತಿ. ಐಸಿನ್ ತನ್ನ ನಕ್ಷೆಗಳನ್ನು ಹಂಚಿತು. ಸುಮಾರು 200 ಕಂಪನಿಗಳು ಕೈಜೋಡಿಸಿದವು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕೂಡ ವಾಲ್ವ್ ಕೊರೆಯಲು ಕೂತಿತು! ಹಣದ ಕರಾರು ಆಮೇಲೆ ನೋಡಿಕೊಂಡರಾಯಿತು ಎಂಬಷ್ಟು ನಂಬಿಕೆ ಅವರ ನಡುವೆ ಇತ್ತು. ಹತ್ತು ದಿನ ತುಂಬುವುದರೊಳಗೆ ಉತ್ಪಾದನೆ ಹಳಿಗೆ ಬಂತು. ಇದೇ ಪದ್ಧತಿಯನ್ನು ನಕಲು ಮಾಡಿದ ಎಷ್ಟೋ ಕಂಪನಿಗಳು ಗೋದಾಮು ಖಾಲಿ ಮಾಡುವುದನ್ನಷ್ಟೇ ಕಲಿತವು. ಆ ಬಾಂಧವ್ಯವನ್ನು ಬೆಳೆಸಲಿಲ್ಲ.

2011ರ ಮಾರ್ಚ್ 11ರ ಭೂಕಂಪ ಬೇರೆಯದೇ ಪಾಠ ಹೇಳಿತು. ರೆನೆಸಸ್ ಕಂಪನಿಯ ನಾಕಾ ಚಿಪ್ ಕಾರ್ಖಾನೆ ಹಾಳಾಯಿತು. ಚಿಪ್ ತಯಾರಾಗಲು ತಿಂಗಳುಗಳೇ ಬೇಕು. ನಕ್ಷೆ ಕೊಟ್ಟರೆ ಮಾಡಿಕೊಡುವ ಪಕ್ಕದ ಕಾರ್ಖಾನೆ ಎಂಬುದಿಲ್ಲ. ಹಾಗಾಗಿ ಟೊಯೋಟಾ ‘ಎಷ್ಟು ಬೆಲೆ’ ಎನ್ನುವುದರ ಜೊತೆಗೆ ‘ಮತ್ತೆ ಸಿಗಲು ಎಷ್ಟು ದಿನ’ ಎಂದೂ ಭಾಗ ಭಾಗವಾಗಿ ಕೇಳತೊಡಗಿತು. ಸೀಟಿಗೆ ಹಳೆಯ ಲೆಕ್ಕವೇ ಸಾಕು. ಚಿಪ್ಪಿಗೆ ಮಾತ್ರ ಎರಡರಿಂದ ಆರು ತಿಂಗಳ ದಾಸ್ತಾನನ್ನು ಪೂರೈಕೆದಾರರ ಬಳಿ ಇರಿಸಲಾಯಿತು.

2021ರ ಆರಂಭದಲ್ಲಿ ಚಿಪ್ ಬರದಿಂದ ಉಳಿದ ಕಾರು ಕಂಪನಿಗಳು ತತ್ತರಿಸಿದಾಗ ಟೊಯೋಟಾ ತಾಳಿಕೊಂಡಿದ್ದು ಇದರಿಂದಲೇ. ಅದಕ್ಕೂ ಮಿತಿ ಇತ್ತು. ಆಗ್ನೇಯ ಏಷ್ಯಾದಲ್ಲಿ ಕೋವಿಡ್ ಹರಡಿ ಬಿಡಿಭಾಗಗಳ ಘಟಕಗಳು ಮುಚ್ಚಿದ ಮೇಲೆ, ಅದೇ ಸೆಪ್ಟೆಂಬರ್‌ಗೆ ಯೋಜಿಸಿದ್ದ ಉತ್ಪಾದನೆಯಲ್ಲಿ ಶೇ. 40ರಷ್ಟನ್ನು ಕಡಿತಗೊಳಿಸುವುದಾಗಿ ಟೊಯೋಟಾ ಪ್ರಕಟಿಸಿತು.