ಹೊಳೆ ಉಕ್ಕಿದಾಗ ನಿಮ್ಮ ಹೊಲಕ್ಕೆ ನೀರು ಯಾವ ಕಡೆಯಿಂದ?



2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ನೀವು ಮರೆತಿರಲಾರಿರಿ. ನಿಮ್ಮಲ್ಲಿ ಕೆಲವರು ಒಂದು ಸಂಗತಿಯನ್ನು ಕಣ್ಣಾರೆ ನೋಡಿರಬಹುದು. ನೀರು ಹೊಳೆಯ ಕಡೆಯಿಂದ ನೇರವಾಗಿ ಬರುವುದಿಲ್ಲ. ಹಳ್ಳದಲ್ಲಿ ಹಿಮ್ಮುಖವಾಗಿ ಏರಿ, ರಸ್ತೆಯ ಮೋರಿಯೊಳಗೆ ನುಗ್ಗಿ, ಬೆನ್ನ ಹಿಂದಿನಿಂದ ಕಬ್ಬಿಗೆ ಹೊಗುತ್ತದೆ. ಎಂಜಿನಿಯರುಗಳ ಹಳೆಯ ಲೆಕ್ಕಕ್ಕೆ ಸರಿಯಾಗಿ ಸಿಗದೆ ಹೋಗುತ್ತಿದ್ದುದು ಇದೇ.

ಹಳೆಯ ಪದ್ಧತಿಯಲ್ಲಿ ಹೊಳೆಗೆ ಅಡ್ಡಲಾಗಿ ಅಲ್ಲಲ್ಲಿ ಗೆರೆ ಹಾಕಿಕೊಂಡು ತಳದ ಎತ್ತರ ಅಳೆಯುತ್ತಾರೆ. ಇದಕ್ಕೆ ಅಡ್ಡಕೊಯ್ತವೆನ್ನೋಣ. ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ, ಒಂದು ಅಡ್ಡಕೊಯ್ತದ ಈ ತುದಿಯಿಂದ ಆ ತುದಿಗೆ ನೀರಿನ ಮಟ್ಟ ಒಂದೇ ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ಪಾತ್ರದೊಳಗಿನ ಹೊಳೆಗೆ ಇಷ್ಟು ಸಾಕು. ದಂಡೆ ಮೀರಿದ ಹೊಳೆಗೆ ಸಾಲದು. ಹೊಸ ಪದ್ಧತಿಯಲ್ಲಿ ಇಡೀ ಬಯಲನ್ನು ಮಡಿ ಕಟ್ಟಿದಂತೆ ಸಣ್ಣ ಚೌಕಗಳಾಗಿ ಮಾಡಿ, ಪ್ರತಿಯೊಂದರಿಂದ ನೀರು ಯಾವ ಮಗ್ಗುಲಿಗೆ ಹೊರಳುತ್ತದೆಂದು ಗಣಕಯಂತ್ರ ನೋಡುತ್ತದೆ. ಅಮೆರಿಕದ ಸೇನಾ ಎಂಜಿನಿಯರುಗಳ ‘ಹೆಕ್-ರಾಸ್’ ತಂತ್ರಾಂಶ 1995ರಲ್ಲಿ ಬಂತು. ಅದರಲ್ಲಿ ಈ ಎರಡು ಆಯಾಮದ ಲೆಕ್ಕ ಸೇರಿದ್ದು 2016ರಲ್ಲಿ.

ಹಾಗಾದರೆ ಹಳೆಯ ಅಡ್ಡಕೊಯ್ತಗಳು ಕಸವೇ? ಅಲ್ಲ. ವಿಮಾನದಿಂದ ಮಾಡುವ ಭೂಮಾಪನ ರಾಡಿ ನೀರಿನ ಕೆಳಗೆ ಇಣುಕಲಾರದು, ನೀರಿನ ಮೇಲ್ಮೈಯನ್ನೇ ನೆಲವೆಂದು ಬರೆದುಕೊಳ್ಳುತ್ತದೆ. ಹೊಳೆಯ ತಳ ತಿಳಿಯಲು ಹಳೆಯ ಅಳತೆಯೇ ಬೇಕು. ದಂಡೆಯಿಂದ ದಂಡೆಗೆ ಇರುವ ಭಾಗವನ್ನಷ್ಟೇ ಉಳಿಸಿಕೊಂಡು, ಎರಡು ಅಡ್ಡಕೊಯ್ತಗಳ ನಡುವಿನ ತಳವನ್ನು ಹೊಳೆಯ ತಿರುವು ಹಿಡಿದೇ ತುಂಬಬೇಕು. ನೇರ ಗೆರೆ ಎಳೆದರೆ ಹೊಳೆಯ ತಳ ಯಾರದೋ ಹೊಲದಲ್ಲಿ ಮೂಡುತ್ತದೆ! ಆಮೇಲೆ ಅದನ್ನು ಬಯಲಿನ ನಕ್ಷೆಗೆ ಹೊಲಿಯಬೇಕು. ಹಳೆಯ ಅಳತೆ ಸಮುದ್ರಮಟ್ಟದಿಂದ ಎಣಿಸಿದ್ದು. ಉಪಗ್ರಹ ಯಂತ್ರ ನೇರವಾಗಿ ಕೊಡುವ ಎತ್ತರದ ಮೂಲವೇ ಬೇರೆ. ಸರಿದೂಗಿಸದಿದ್ದರೆ ಹತ್ತಾರು ಮೀಟರ್ ತಪ್ಪು.

ನನ್ನ ದೃಷ್ಟಿಯಲ್ಲಿ ಹೆಚ್ಚು ಕೆಡುವುದು ಒಡ್ಡಿನಲ್ಲಿ. ಚೌಕ ದೊಡ್ಡದು, ರಸ್ತೆಯ ಏರಿ ಕಿರಿದು. ಚೌಕದ ಅಂಚನ್ನು ಏರಿಯ ನೆತ್ತಿಗೆ ಕೂಡಿಸದಿದ್ದರೆ ಲೆಕ್ಕದಲ್ಲಿ ನೀರು ಅದರೊಳಗೇ ಸೋರಿಹೋಗುತ್ತದೆ. ಒಣಗಿದ್ದ ಹೊಲ ಮುಳುಗಿದ್ದಾಗಿ ಕಾಣುತ್ತದೆ.

ನೆಲದ ಒರಟುತನಕ್ಕೂ ಅಂಕಿಯಿದೆ. ಸ್ವಚ್ಛ ಪಾತ್ರಕ್ಕೆ ಸುಮಾರು 0.03, ಬೆಳೆದು ನಿಂತ ಪೈರಿಗೆ 0.04, ಒತ್ತಾದ ಕಬ್ಬಿಗೆ ಇನ್ನೂ ಹೆಚ್ಚು. ಹಳೆಯ ಲೆಕ್ಕದ ಅಂಕಿಯಲ್ಲಿ ತಿರುವಿನ ತಡೆಯೂ ಸೇರಿಕೊಂಡಿರುತ್ತದೆ, ಆದ್ದರಿಂದ ಅದನ್ನು ಹಾಗೆಯೇ ಎತ್ತಿ ಹಾಕಬಾರದು. ನಿಜವಾದ ನೆರೆಯ ಗುರುತಿಗೆ ತಾಳೆ ನೋಡಬೇಕು.

ಆ ಗುರುತು ಇರುವುದು ನಿಮ್ಮಲ್ಲಿ. ಅಳತೆಯವರು ಬಂದಾಗ ಗೋಡೆಯ ಮೇಲಿನ ನೀರಿನ ಕಲೆ ತೋರಿಸಿ. ಸುಣ್ಣ ಬಳಿಯುವ ಮುನ್ನ ಅಲ್ಲೊಂದು ಮೊಳೆ ಹೊಡೆದಿಟ್ಟರೆ ಒಳ್ಳೆಯದು. ನೀರು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಬಂತೆಂದು ಹೇಳಿ. ಮೋರಿ ಹೂಳು ತುಂಬಿ ಮುಚ್ಚಿದ್ದರೆ ಅದನ್ನೂ ಹೇಳಲು ಮರೆಯಬೇಡಿ. ನಕ್ಷೆಯಲ್ಲಿ ಅದು ಇನ್ನೂ ತೆರೆದೇ ಇರಬಹುದು.